ಬಿಸಿಲ ನಾಡಿನಲ್ಲಿ ಹಿಮ: ಸ್ಪೇನಿನ ಸ್ಕೀ ತಾಣವನ್ನು ನಾನು ಆರಿಸುವ ರೀತಿ

ಸ್ಕೀ ತಾಣಗಳ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಜಾರಿ ಇಳಿಯಲು ಒಟ್ಟು ಎಷ್ಟು ಕಿಲೋಮೀಟರ್ ಹಾದಿ ಇದೆ ಎಂಬ ಲೆಕ್ಕ. ಸ್ಪೇನಿನ ಮಟ್ಟಿಗೆ ನಾನು ಅದನ್ನು ಕೊನೆಗೆ ನೋಡುತ್ತೇನೆ. ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ, ಜನರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಬುಡ ಎಷ್ಟು ಎತ್ತರದಲ್ಲಿದೆ, ನಾನು ಹೋಗುವ ವಾರ ಸೂರ್ಯ ಎಷ್ಟು ಮೇಲೇರಿರುತ್ತಾನೆ, ಈ ಮೂರು ಮೊದಲು. ಬಿಸಿಲಿನ ದೇಶದಲ್ಲಿ ಹಿಮ ಹುಡುಕುವ ಕೆಲಸದಲ್ಲಿ ಅರ್ಧ ಪಾಲು ನೆರಳು ಹುಡುಕುವುದೇ.

ಸೂರ್ಯನ ಲೆಕ್ಕ ಸುಲಭ. ದಕ್ಷಿಣ ಸ್ಪೇನಿನ ಗ್ರನಾಡಾ ನಗರದ ಪಕ್ಕದ ಸ್ಕೀ ತಾಣ ಸಿಯೆರಾ ನೆವಾಡಾ 37 ಡಿಗ್ರಿ ಅಕ್ಷಾಂಶದಲ್ಲಿದೆ. ಡಿಸೆಂಬರ್ ಕೊನೆಯಲ್ಲಿ ಅಲ್ಲಿ ನಡುಹಗಲಿನ ಸೂರ್ಯ ದಿಗಂತದಿಂದ 30 ಡಿಗ್ರಿಯಷ್ಟೇ ಏರುತ್ತಾನೆ. ಉತ್ತರಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರಿಗೆ ಬಿಸಿಲು ಸವರಿಕೊಂಡು ಹೋಗುತ್ತದೆ, ಅಷ್ಟೇ. ಏಪ್ರಿಲ್ ಮೊದಲ ವಾರಕ್ಕೆ ಅದೇ ಸೂರ್ಯ 57 ಡಿಗ್ರಿಯಲ್ಲಿರುತ್ತಾನೆ. ಬೆಂಗಳೂರಿನ ಡಿಸೆಂಬರ್ ಕೊನೆಯ ಮಧ್ಯಾಹ್ನದ ಸೂರ್ಯ ಕೂಡ 54 ಡಿಗ್ರಿ ದಾಟುವುದಿಲ್ಲ. ಹಾಗಾಗಿ ಜನವರಿಯಲ್ಲಿ ಎಲ್ಲಿ ಹೋದರೂ ನಡೆದೀತು, ಮಾರ್ಚ್ ನಡುವಿನ ನಂತರ ದಿಕ್ಕು ನೋಡದೆ ಕೋಣೆ ಕಾದಿರಿಸಬಾರದು.

ದಿಕ್ಕು ತಿಳಿಯಲು ತಾಣದವರು ಕೊಡುವ ಚಿತ್ರನಕ್ಷೆ ನಂಬಬೇಡಿ. ಅದರಲ್ಲಿ ಬೆಟ್ಟ ನಮ್ಮೆದುರು ನಿಂತಂತೆ ಬರೆದಿರುತ್ತಾರೆ, ಕಾಗದದ ಮೇಲ್ತುದಿ ಉತ್ತರ ಆಗಿರಬೇಕೆಂದಿಲ್ಲ. ನಾನು ಸಮೋನ್ನತ ರೇಖೆಗಳಿರುವ (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆಗಳು) ಮಾಮೂಲಿ ಭೂನಕ್ಷೆ ತೆರೆದು ಲಿಫ್ಟಿನ ತುದಿ ಮತ್ತು ಬುಡ ಗುರುತು ಹಾಕಿಕೊಳ್ಳುತ್ತೇನೆ. ರೇಖೆಗಳನ್ನು ಅಡ್ಡ ಹಾಯ್ದು ಕೆಳಕ್ಕೆ ಬಾಣ ಎಳೆದರೆ, ಬಾಣದ ಮೊನೆ ತೋರುವುದೇ ಇಳಿಜಾರಿನ ಮುಖ. ನೀಲಿ ಮತ್ತು ಕೆಂಪು ಹಾದಿಗಳಲ್ಲಿ ನಾಲ್ಕೈದಕ್ಕೆ ಹೀಗೆ ಬಾಣ ಎಳೆದರೆ ಸಾಕು, ಕಾಲು ಗಂಟೆಯ ಕೆಲಸ. ಹಾದಿಗೆ ಅಲ್ಲಿಯವರು 'ಪಿಸ್ತಾ' ಅನ್ನುತ್ತಾರೆ, ತಿನ್ನುವ ಪಿಸ್ತಾಕ್ಕೂ ಅದಕ್ಕೂ ಸಂಬಂಧವಿಲ್ಲ. ಹಸಿರು ಅತಿ ಸುಲಭ, ಆಮೇಲೆ ನೀಲಿ, ಕೆಂಪು, ಕಪ್ಪು.

ಸಿಯೆರಾ ನೆವಾಡಾದ ಬಲ ಅದರ ಎತ್ತರ. ಬುಡದ ಊರು ಪ್ರಾದೊಯಾನೊ 2,100 ಮೀಟರಿನಲ್ಲಿದೆ, ಲಿಫ್ಟುಗಳು 3,300ರ ತನಕ ಒಯ್ಯುತ್ತವೆ. ಇಳಿಜಾರುಗಳು ಹೆಚ್ಚಾಗಿ ವಾಯವ್ಯಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಬಿಸಿಲು ತಡವಾಗಿ ತಾಗುತ್ತದೆ. ಗಾಳಿ ಒಣಗಿರುವುದೂ ಒಂದು ಅನುಕೂಲ. ಕೃತಕ ಹಿಮ ಮಾಡುವ ಯಂತ್ರಕ್ಕೆ ಮುಖ್ಯವಾದದ್ದು ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ಉಷ್ಣಾಂಶ. ಅದು ಮೈನಸ್ 2ಕ್ಕೆ ಇಳಿದರೆ ಯಂತ್ರ ಶುರುಮಾಡಬಹುದು. ಗಾಳಿಯಲ್ಲಿ ತೇವ ಕಡಿಮೆ ಇದ್ದರೆ ಮಾಮೂಲಿ ಥರ್ಮಾಮೀಟರ್ ಸೊನ್ನೆ ತೋರಿಸುವಾಗಲೇ ಇದು ಮೈನಸ್ 2 ದಾಟಿರುತ್ತದೆ.

ಆದರೂ ಎತ್ತರವೊಂದೇ ಕಾಪಾಡುವುದಿಲ್ಲ. 1995ರಲ್ಲಿ ಇಲ್ಲೇ ನಡೆಯಬೇಕಿದ್ದ ಆಲ್ಪೈನ್ ಸ್ಕೀ ವಿಶ್ವ ಚಾಂಪಿಯನ್‌ಶಿಪ್ ಹಿಮವಿಲ್ಲದೆ 1996ಕ್ಕೆ ಮುಂದಕ್ಕೆ ಹೋಯಿತು. ಅದಕ್ಕಿಂತ ಪದೇ ಪದೇ ಕಾಡುವುದು ಗಾಳಿ. ಬೋಳು ಬೆಟ್ಟ, ಅಡ್ಡ ಒಂದು ಮರವಿಲ್ಲ. ಬಿರುಗಾಳಿ ಎದ್ದರೆ ಮೇಲಿನ ಲಿಫ್ಟುಗಳು ನಿಲ್ಲುತ್ತವೆ, ಕೆಲವು ದಿನ ಇಡೀ ತಾಣವೇ ಮುಚ್ಚುತ್ತದೆ. ಮೂರು ದಿನದ ಸ್ಕೀಯಿಂಗಿಗೆ ನಾಲ್ಕು ದಿನ ಇಟ್ಟುಕೊಳ್ಳಿ. ಉಳಿದ ದಿನ ಆಲಂಬ್ರಾ ಅರಮನೆ ನೋಡಬಹುದು, ಗ್ರನಾಡಾ 32 ಕಿಲೋಮೀಟರ್, ಬಸ್ಸಿನಲ್ಲಿ ಒಂದು ಗಂಟೆಯ ಹಾದಿ. ಸಹಾರಾದ ಧೂಳು ಇನ್ನೊಂದು ಕಾಟ. 2022ರ ಮಾರ್ಚಿನಲ್ಲಿ ಇಡೀ ಬೆಟ್ಟ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಮಾಸಿದ ಹಿಮ ಬಿಸಿಲನ್ನು ಹೀರುತ್ತದೆ, ಬೇಗ ಕರಗುತ್ತದೆ, ಸ್ಕೀ ತಳಕ್ಕೆ ಅಂಟುತ್ತದೆ.

ಹೊಸಬರಿಗೆ ಇಲ್ಲಿ ಒಂದು ಸೂಕ್ಷ್ಮವಿದೆ. ಕಲಿಯುವ ಜಾಗ ಊರಿನಲ್ಲಿಲ್ಲ, ಗೊಂಡೊಲಾ (ತಂತಿಯಲ್ಲಿ ತೂಗಿ ಸಾಗುವ ಮುಚ್ಚಿದ ಡಬ್ಬಿ) ಹತ್ತಿ ಬೊರೆಗಿಲೆಸ್‌ಗೆ ಹೋಗಬೇಕು. ಸಂಜೆ ಎಲ್ಲರೂ ಒಟ್ಟಿಗೆ ಊರಿಗೆ ಇಳಿಯುವ ಹಾದಿ ತುಳಿದು ಕೆಸರಾಗಿರುತ್ತದೆ, ಕಾಲೂ ಸೋತಿರುತ್ತದೆ. ಕಲಿಯುವವರು ಗೊಂಡೊಲಾದಲ್ಲೇ ಕೆಳಗಿಳಿಯಲಿ. ಪ್ರಾದೊಯಾನೊ ಊರೇ ಕಡಿದು ಏರುತ್ತದೆ, ಸ್ಕೀ ಬೂಟಿನಲ್ಲಿ 200 ಮೀಟರ್ ಏರು ನಡೆದವರಿಗೆ ಮಾತ್ರ ಗೊತ್ತು ಅದರ ಕಷ್ಟ. ಹೋಟೆಲ್ ಆರಿಸುವಾಗ ಗೊಂಡೊಲಾದಿಂದ ಎಷ್ಟು ದೂರ ಎನ್ನುವುದರ ಜೊತೆ ಎಷ್ಟು ಏರು ಎಂದೂ ಕೇಳಿ.

ಹಿಮವೇ ಮುಖ್ಯ, ಬಿಸಿಲು ಇಲ್ಲದಿದ್ದರೂ ಪರವಾಗಿಲ್ಲ ಎನ್ನುವವರಿಗೆ ನಾನು ಹೇಳುವುದು ಬಕೇರಾ ಬೆರೆಟ್. ಅದಿರುವ ಅರಾನ್ ಕಣಿವೆ ಸ್ಪೇನಿಗೆ ಸೇರಿದ್ದರೂ ಫ್ರಾನ್ಸ್ ಗಡಿಯ ಪಿರನೀಸ್ ಬೆಟ್ಟಸಾಲಿನ ಉತ್ತರ ಮಗ್ಗುಲಿನಲ್ಲಿದೆ. ಅಲ್ಲಿ ಹುಟ್ಟುವ ಗರೋನ್ ಹೊಳೆ ಫ್ರಾನ್ಸ್ ಹಾಯ್ದು ಅಟ್ಲಾಂಟಿಕ್ ಸೇರುತ್ತದೆ. ಆ ಸಾಗರದ ಮೋಡಗಳೇ ಇಲ್ಲಿ ಹಿಮ ಸುರಿಸುತ್ತವೆ. ಬುಡ 1,500 ಮೀಟರ್, ತುದಿ 2,610. ಬೆಚ್ಚಗಿನ ದಿನ 1,500ರಲ್ಲಿ ಮಳೆಯೇ ಬೀಳಬಹುದು, ಅಂಥ ಬೆಳಿಗ್ಗೆ ಕಾರನ್ನು ಸೀದಾ 1,850 ಮೀಟರಿನ ಬೆರೆಟ್‌ಗೆ ಒಯ್ಯುವುದು ಜಾಣತನ. ಅಗಲ, ಸಲೀಸು ಹಾದಿಗಳು ಅಲ್ಲೇ ಹೆಚ್ಚು. ರಾಜಮನೆತನ ಬಂದು ಹೋಗುವ ಊರು, ಬೆಲೆಯೂ ಹಾಗೇ. ಕೆಳಗಿನ ವಿಯೆಲಾ ಪಟ್ಟಣದಲ್ಲಿ ಉಳಿದರೆ ಜೇಬಿಗೆ ಹಗುರ. ಬಾರ್ಸಿಲೋನಾಕ್ಕಿಂತ ಫ್ರಾನ್ಸಿನ ತುಲೂಸ್ ವಿಮಾನನಿಲ್ದಾಣ ಹತ್ತಿರ.

ಕಾರು ಬೇಡ ಎನ್ನುವವರಿಗೆ ಲಾ ಮೊಲಿನಾ. ಬಾರ್ಸಿಲೋನಾದಿಂದ ಆರ್3 ರೈಲು ಅದೇ ಹೆಸರಿನ ನಿಲ್ದಾಣದ ತನಕ ಬರುತ್ತದೆ, ಸುಮಾರು ಮೂರು ಗಂಟೆ, ಅಲ್ಲಿಂದ ಬಸ್ಸು. ಹಳಿ ಕೆಲಸ ನಡೆಯುವಾಗ ಅರ್ಧ ದಾರಿಗೆ ಬಸ್ಸು ಹಾಕುತ್ತಾರೆ, ಮೊದಲೇ ನೋಡಿಕೊಳ್ಳಿ. 1943ರಲ್ಲಿ ಸ್ಪೇನಿನ ಮೊದಲ ಸ್ಕೀ ಲಿಫ್ಟ್ ಬಂದದ್ದು ಇಲ್ಲಿಗೆ. ಪಕ್ಕದ ಮಸೆಯಾ ತಾಣವೂ ಇದೇ ಬೆಟ್ಟದ ಮೇಲಿದೆ, ಜಂಟಿ ಪಾಸಿನಲ್ಲಿ ಎರಡೂ ಕಡೆ ಆಡಬಹುದು. ಮಸೆಯಾ ನನಗೆ ಹಿಡಿಸಲು ಕಾರಣ ಅದರ ಪೈನ್ ಕಾಡು ಮತ್ತು ಉತ್ತರದ ಮುಖ. ಮಂಜು ಮುಸುಕಿದರೆ ಬೋಳು ಬೆಟ್ಟದಲ್ಲಿ ಆಕಾಶ ಯಾವುದು ನೆಲ ಯಾವುದು ತಿಳಿಯದು, ಇಲ್ಲಿ ಮರಗಳ ಸಾಲೇ ದಾರಿ ತೋರಿಸುತ್ತದೆ. ಅರಾಗಾನಿನ ಫೊರ್ಮಿಗಾಲ್ ದೊಡ್ಡದು, ಆದರೆ ಮರವಿಲ್ಲ, ಗಾಳಿಯ ಕಾಟವಿದೆ. ಎತ್ತರ ಬೇಕಿದ್ದರೆ ಬೊಯಿ ತಾವುಲ್, ಬುಡವೇ 2,020 ಮೀಟರ್.

ತಾಣ ಸರಿಯಿದ್ದೂ ದಿನ ಹಾಳಾಗುವುದು ಗಡಿಯಾರದಿಂದ. ಸ್ಪೇನ್ ತನ್ನ ರೇಖಾಂಶಕ್ಕೆ ಹೊಂದದ ಮಧ್ಯ ಯುರೋಪಿನ ಸಮಯ ಇಟ್ಟುಕೊಂಡಿದೆ. ಫೆಬ್ರವರಿಯಲ್ಲಿ ಗ್ರನಾಡಾದಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಒಂದೂವರೆಗೆ, ಮಾರ್ಚ್ ಕೊನೆಯ ಭಾನುವಾರ ಬೇಸಿಗೆ ಸಮಯ ಬಂದ ಮೇಲೆ ಎರಡೂ ಕಾಲಿಗೆ. ಹಿಂದಿನ ದಿನ ಕರಗಿ ರಾತ್ರಿ ಗಟ್ಟಿಯಾದ ಹಿಮ ಒಂಬತ್ತಕ್ಕೆ ಗಾಜಿನಂತಿರುತ್ತದೆ. ಕೈಕೋಲಿನ ಮೊನೆ ಕುತ್ತಿದಾಗ 'ಟಕ್' ಎಂದು ಪುಟಿದರೆ ಇನ್ನೊಂದು ಕಾಫಿ ಕುಡಿಯುವುದೇ ಲೇಸು. ಮೊನೆ ಎರಡು ಮೂರು ಸೆಂಟಿಮೀಟರ್ ಮೆತ್ತಗೆ ಇಳಿದರೆ ಅದೇ ಹದ, ಅದು ಸಿಗುವುದು ಒಂದೆರಡು ಗಂಟೆ ಮಾತ್ರ. ಬೂಟು ಕಣಕಾಲಿನ ತನಕ ಹೂತರೆ ನಿಲ್ಲಿಸಿ. ಒದ್ದೆ ಹಿಮದಲ್ಲಿ ಸ್ಕೀ ಕಚ್ಚಿಕೊಂಡು ಮೈ ಮಾತ್ರ ತಿರುಗುತ್ತದೆ, ಮಂಡಿ ಹೋಗುವುದು ಆಗಲೇ. ವಸಂತದಲ್ಲಿ ಪೂರ್ವಮುಖದಿಂದ ಶುರುಮಾಡಿ, ಬಿಸಿಲಿನ ಹಿಂದೆ ಸರಿಯುತ್ತಾ ಪಶ್ಚಿಮ, ಉತ್ತರಕ್ಕೆ ಬನ್ನಿ. ಸನ್‌ಸ್ಕ್ರೀನನ್ನು ಗಲ್ಲದ ಕೆಳಗೆ, ಮೂಗಿನ ಹೊಳ್ಳೆಯ ಅಂಚಿಗೂ ಹಚ್ಚಿ, ಹಿಮದಿಂದ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ.

ದಿನಾಂಕದ ವಿಷಯ ಚುಟುಕಾಗಿ: ಡಿಸೆಂಬರ್ 6 ಮತ್ತು 8ರ ರಜೆಗಳ ಸುತ್ತ, ಕ್ರಿಸ್ಮಸ್ಸಿನಿಂದ ಜನವರಿ 6ರ ತನಕ, ಈಸ್ಟರ್ ವಾರ, ಸಿಯೆರಾ ನೆವಾಡಾಕ್ಕೆ ಫೆಬ್ರವರಿ 28ರ ಆಂಡಲೂಸಿಯಾ ದಿನ (ಅದು ಆ ಪ್ರಾಂತದ ರಜೆ). ನೂಕುನುಗ್ಗಲಿನ ಈ ದಿನಗಳನ್ನು ಬಿಟ್ಟು ಜನವರಿ ನಡುವಿನ ಮಂಗಳವಾರದಿಂದ ಗುರುವಾರದ ತನಕ ನನ್ನ ಆಯ್ಕೆ.

ಭಾರತದಿಂದ ಹೋಗುವವರು ಕಾಗದಪತ್ರದಲ್ಲಿ ಎಡವುವುದುಂಟು. ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ಷೆಂಗೆನ್ ವೀಸಾಕ್ಕೆ ಬೇಕಾದ 30,000 ಯೂರೋ ವಿಮೆಯಲ್ಲಿ ಸ್ಕೀಯಿಂಗ್ ಸೇರಿದೆಯೇ, ಇಳಿಜಾರಿನಿಂದ ಎತ್ತಿ ತರುವ ಖರ್ಚು ಸೇರಿದೆಯೇ ಎಂದು ಓದಿ ನೋಡಿ, ಎಷ್ಟೋ ಪಾಲಿಸಿಗಳಲ್ಲಿ ಇರುವುದಿಲ್ಲ. ಪಕ್ಕದ ಪುಟ್ಟ ದೇಶ ಅಂಡೋರಾ ಷೆಂಗೆನ್‌ಗೆ ಸೇರಿಲ್ಲ, ವಿಮಾನನಿಲ್ದಾಣವೂ ಇಲ್ಲ. ಒಂದೇ ಪ್ರವೇಶದ ವೀಸಾ ಹಿಡಿದು ಅಲ್ಲಿಗೆ ಹೋದರೆ ವಾಪಸ್ ಬರಲು ವೀಸಾ ಉಳಿದಿರುವುದಿಲ್ಲ. ಕಾರು ಓಡಿಸಲು ನಮ್ಮ ಲೈಸೆನ್ಸಿನ ಜೊತೆ ಅಂತಾರಾಷ್ಟ್ರೀಯ ಪರವಾನಗಿ ಬೇಕು. ಬಾಡಿಗೆ ಕಾರಿಗೆ ಸಾಮಾನ್ಯವಾಗಿ ಬೇಸಿಗೆಯ ಟೈರೇ ಇರುತ್ತದೆ. ಹಿಮದ ಸರಪಳಿ ಕೇಳಿ ಪಡೆದು ಕೈಗವಸು ಹಾಕಿಕೊಂಡು ಒಮ್ಮೆ ಒಣ ನೆಲದಲ್ಲೇ ಕಟ್ಟಿ ಬಿಚ್ಚಿ ನೋಡಿ. ಎಂಜಿನ್ ತಿರುಗಿಸುವ ಚಕ್ರಗಳಿಗೆ ಕಟ್ಟಬೇಕು. ರಸ್ತೆಯ ಸ್ಥಿತಿ 'ಕೆಂಪು' ಎಂದಾದರೆ ಸರಪಳಿ ಅಥವಾ ಚಳಿಗಾಲದ ಟೈರ್ ಕಡ್ಡಾಯ, ವೇಗ ಗಂಟೆಗೆ 30 ಕಿಲೋಮೀಟರ್. 'ಕಪ್ಪು' ಎಂದರೆ ರಸ್ತೆ ಬಂದ್.

ಬೂಟು, ಸ್ಕೀಗಳನ್ನು ಪೇಟೆಯಲ್ಲಿ ಬಾಡಿಗೆಗೆ ತೆಗೆದುಕೊಳ್ಳುವುದಿಲ್ಲ, ಲಿಫ್ಟಿನ ಬುಡದ ಅಂಗಡಿಯಲ್ಲಿ ತೆಗೆದುಕೊಳ್ಳುತ್ತೇನೆ. ಮೊದಲ ದಿನ ಬೂಟು ಬದಲಿಸುವ ಪ್ರಸಂಗ ಬಂದೇ ಬರುತ್ತದೆ. ಒಂದೇ ತೆಳು ಕಾಲುಚೀಲ ಸಾಕು. ನೆಟ್ಟಗೆ ನಿಂತಾಗ ಬೆರಳು ತುದಿಗೆ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು. ತೂಕ ಕೇಳಿದಾಗ ನಾಚಿಕೊಂಡು ಐದು ಕಿಲೋ ಕಡಿಮೆ ಹೇಳಬೇಡಿ. ಬಿದ್ದಾಗ ಸ್ಕೀ ಕಳಚುವ ಸ್ಪ್ರಿಂಗಿನ ಬಿಗಿ ಇಡುವುದು ಆ ತೂಕ ನೋಡಿಯೇ, ತಪ್ಪು ಹೇಳಿದರೆ ಬೇಡದ ಜಾಗದಲ್ಲಿ ಕಳಚಿಕೊಳ್ಳುತ್ತದೆ.