ಸಂತರ ಹೆಸರಿನ ಊರಿನ ಆರ್ಥಿಕ ಚಿತ್ರ ಬರೆಯೋದು ಹೇಗೆ?

ಸೆಮಿನಾರಿಗೆ ಒಂದು ಊರಿನ ಆರ್ಥಿಕತೆ ಬಗ್ಗೆ ಬರೆಯಿರಿ ಅಂದರೆ ನಮ್ಮ ಬೆಳಗಾವಿಯ ಡಿಗ್ರಿ ಹುಡುಗರು ಬೆಳಗಾವಿಯನ್ನೇ ಬರೆದು ಕೊಡುತ್ತಾರೆ. ಈ ಸಲ ಕ್ಯಾಥೊಲಿಕ್ ಸಂತರ ಹೆಸರಿನ ಊರು ಹಿಡಿಯಿರಿ. ಸ್ಪೇನ್, ಪೋರ್ಚುಗಲ್, ಫ್ರಾನ್ಸಿನವರು ಕಾಲಿಟ್ಟ ಕಡೆಯೆಲ್ಲ ಇಂಥ ಊರುಗಳಿವೆ. ಸಂತರ ಬಗ್ಗೆ ಒಂದು ಸಾಲು ಸಾಕು, ಅರ್ಧ ಪುಟ ಪುರಾಣ ಬೇಡ.

ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಹೊರಗಿನ ದುಡ್ಡು ಈ ಊರಿಗೆ ಯಾವ ಕೆಲಸದಿಂದ ಬರುತ್ತದೆ? ಕಿರಾಣಿ ಅಂಗಡಿ, ಕಟಿಂಗ್ ಶಾಪ್ ಎಲ್ಲ ಊರಲ್ಲೂ ಇರುತ್ತವೆ. ನಮ್ಮ ಕೈಗಾರಿಕಾ ಪ್ರದೇಶ ಉದ್ಯಮಬಾಗ್‌ನ ಫೌಂಡ್ರಿಯಲ್ಲಿ ಎರಕ ಹೊಯ್ದ ಬಿಡಿಭಾಗ ಬೇರೆ ಊರಿನ ಕಾರ್ಖಾನೆಗೆ ಹೋಗುತ್ತದಲ್ಲ, ಹುಡುಕಬೇಕಾದ್ದು ಅಂಥದ್ದನ್ನು.

ಬ್ರೆಜಿಲ್‌ನ ಸಾವೊ ಜೋಸೆ ದೋಸ್ ಕಾಂಪೋಸ್ ತಗೊಳ್ಳಿ. ಸಂತ ಜೋಸೆಫರ ಹೆಸರಿನ ಊರು. ಒಂದು ಕಾಲಕ್ಕೆ ಅಲ್ಲಿಗೆ ಜನ ಹೋಗುತ್ತಿದ್ದದ್ದು ಕ್ಷಯರೋಗದ ಆರೈಕೆಗೆ. 1950ರಲ್ಲಿ ಅಲ್ಲಿ ವಿಮಾನ ತಂತ್ರಜ್ಞಾನ ಕಲಿಸುವ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂತು. ಮರುವರ್ಷ ಊರಿನ ಮೇಲೇ ಹಾದು ಹೋಗುವ ರಿಯೊ–ಸಾವೊ ಪಾಲೊ ಹೆದ್ದಾರಿ. 1969ರಲ್ಲಿ ವಿಮಾನ ತಯಾರಿಸುವ ಎಂಬ್ರಾಯರ್ ಹುಟ್ಟಿತು, ಆಗ ಸರ್ಕಾರದ್ದು, 1994ರಲ್ಲಿ ಖಾಸಗಿಯವರ ಕೈಗೆ ಹೋಯಿತು. ಸುಮ್ನೆ 'ಇಲ್ಲಿ ವಿಮಾನ ಕಂಪನಿ ಇದೆ' ಅಂತ ಬರೆದರೆ ಈ ಕಥೆಯೇ ತಪ್ಪಿಹೋಗುತ್ತದೆ. ಕಾಲೇಜು ಮೊದಲು, ಕಂಪನಿ ಸುಮಾರು ಇಪ್ಪತ್ತು ವರ್ಷ ಆದಮೇಲೆ. ನಮ್ಮ ಹತ್ತರಗಿಯ ಏರೋಸ್ಪೇಸ್ ಎಸ್‌ಇಝಡ್ (ವಿಮಾನದ ಬಿಡಿಭಾಗ ಮಾಡುವ ವಿಶೇಷ ಆರ್ಥಿಕ ವಲಯ) ನೋಡಿದವರಿಗಂತೂ, ಕೆಲಸ ಬಲ್ಲ ಕೈಗಳು ಎಲ್ಲಿಂದ ಬಂದವು ಅನ್ನೋ ಪ್ರಶ್ನೆ ತಾನಾಗೇ ಏಳುತ್ತದೆ.

ಆಮೇಲೆ ಲೆಕ್ಕ. ಊರಿನ ನೂರು ಕೆಲಸಗಾರರಲ್ಲಿ 12 ಜನ ಒಂದು ಉದ್ಯಮದಲ್ಲಿದ್ದಾರೆ, ಇಡೀ ದೇಶದಲ್ಲಿ ನೂರಕ್ಕೆ 4 ಅಂತ ಇಟ್ಟುಕೊಳ್ಳಿ. 12ನ್ನು 4ರಿಂದ ಭಾಗಿಸಿ, 3 ಬಂತು. ಇದೇ ಲೊಕೇಶನ್ ಕೋಶೆಂಟ್. 1ಕ್ಕಿಂತ ಜಾಸ್ತಿ ಬಂದಷ್ಟೂ ಊರು ಆ ಸರಕನ್ನು ಹೊರಗೆ ಮಾರುತ್ತಿರುವ ಸಾಧ್ಯತೆ ಜಾಸ್ತಿ. ಅಂಕಿಗಳು ಆಯಾ ದೇಶದ ಸರ್ಕಾರಿ ಅಂಕಿಅಂಶ ಸಂಸ್ಥೆಯಿಂದ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ: ಬ್ರೆಜಿಲ್‌ಗೆ ಐಬಿಜಿಇ, ಫ್ರಾನ್ಸಿಗೆ ಇನ್ಸೆ, ಅಮೆರಿಕಕ್ಕೆ ಸೆನ್ಸಸ್ ಬ್ಯೂರೊ. ಭಾಷೆ ಬರದಿದ್ದರೆ ಬ್ರೌಸರ್ ಅನುವಾದ ಮಾಡಿಕೊಡುತ್ತದೆ.

ಎಲ್ಲರೂ ಎಡವೋದು ಊರಿನ ಗಡಿಯಲ್ಲಿ. ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1950ರಲ್ಲಿ ಎಂಟೂವರೆ ಲಕ್ಷಕ್ಕೂ ಜಾಸ್ತಿ ಜನ ಇದ್ದರು, 2020ಕ್ಕೆ ಉಳಿದದ್ದು ಸುಮಾರು 3 ಲಕ್ಷ. ಇಷ್ಟೇ ನೋಡಿದರೆ ಊರು ಮುಳುಗಿತು ಅನ್ನಿಸುತ್ತದೆ, ಅಲ್ವಾ? ಆದರೆ 1876ರಲ್ಲೇ ನಗರ ತನ್ನ ಕೌಂಟಿಯಿಂದ (ನಮ್ಮ ಜಿಲ್ಲೆ ಇದ್ದ ಹಾಗೆ) ಬೇರೆಯಾಗಿತ್ತು. ಆಗ ಹಾಕಿಕೊಂಡ ಗಡಿ ಮುಂದೆ ಬೆಳೆಯಲೇ ಇಲ್ಲ, ಜನ ಮಾತ್ರ ಗಡಿಯಾಚೆಯ ಬಡಾವಣೆಗಳಿಗೆ ಹೋದರು. ಸುತ್ತಲಿನದ್ದನ್ನೂ ಸೇರಿಸಿದ ಮೆಟ್ರೊ ಪ್ರದೇಶದಲ್ಲಿ ಈಗಲೂ 28 ಲಕ್ಷದ ಆಸುಪಾಸು ಜನ. ಬೆಳಗಾವಿಯಲ್ಲೂ ಪಾಲಿಕೆ ಬೇರೆ, ಕ್ಯಾಂಪ್ (ದಂಡು ಪ್ರದೇಶ) ಬೇರೆ. ಹಾಗಾಗಿ ನಗರದ ಅಂಕಿ, ಮೆಟ್ರೊ ಪ್ರದೇಶದ ಅಂಕಿ ಎರಡನ್ನೂ ಅಕ್ಕಪಕ್ಕ ಹಾಕಿ.

ಮುಚ್ಚಿಹೋದ ಉದ್ಯಮಗಳನ್ನೂ ಬಿಡಬೇಡಿ. ಫ್ರಾನ್ಸಿನ ಸೇಂತ್ ಎತಿಯೆನ್ ಹೊಟ್ಟೆ ಹೊರೆದದ್ದು ಕಲ್ಲಿದ್ದಲು, ಬಂದೂಕು, ರಿಬ್ಬನ್, ಸೈಕಲ್‌ಗಳಿಂದ. ಅಲ್ಲಿನ ಕೂರಿಯೊ ಗಣಿ 1973ರಲ್ಲಿ ಮುಚ್ಚಿತು, ಈಗ ಮ್ಯೂಸಿಯಂ. 2010ರಲ್ಲಿ ಯುನೆಸ್ಕೊ ಊರಿಗೆ ಡಿಸೈನ್ ನಗರ ಅಂತ ಬಿರುದು ಕೊಟ್ಟಿತು. ಬಿರುದನ್ನು ಬರೆಯುವುದು ಸುಲಭ. ಆ ಬಿರುದಿನಿಂದ ಕೆಲಸ ಎಷ್ಟು ಹುಟ್ಟಿತು ಅಂತ ಇನ್ಸೆಯ ಉದ್ಯೋಗ ಪಟ್ಟಿಯಲ್ಲಿ ಹುಡುಕಿ, ಆಮೇಲೆ ಬರೆಯಿರಿ.