ಕಾರಿನ ಎಸಿಗೆ ಮನೆಯಲ್ಲೇ ಗ್ಯಾಸ್ ತುಂಬುವುದು

ಮೊದಲು ಬಾನೆಟ್ ಒಳಗಿನ ಸ್ಟಿಕ್ಕರ್ ಓದಿ. ಯಾವ ಗ್ಯಾಸ್, ಒಟ್ಟು ಎಷ್ಟು ಗ್ರಾಂ ಎಂಬುದು ಅಲ್ಲೇ ಇರುತ್ತದೆ. ಆರ್-1234ವೈಎಫ್ ಎಂದಿದ್ದರೆ ಆರ್-134ಎ ಕ್ಯಾನ್ ಮುಟ್ಟಲೇಬೇಡಿ.

ಕನ್ನಡಕ, ಕೈಗವಸು ಹಾಕಿ. ದಪ್ಪ ಪೈಪಿನ ಮೇಲಿನ ‘ಎಲ್’ (ಲೋ, ಅಂದರೆ ಕಡಿಮೆ ಒತ್ತಡ) ಮುಚ್ಚಳ ತೆಗೆದು, ಒತ್ತಡ ತೋರಿಸುವ ಗೇಜ್ ಇರುವ ಕ್ಯಾನಿನ ಹೋಸ್ ಸಿಕ್ಕಿಸಿ. ತೆಳು ಪೈಪಿನ ಕಡೆ ಒತ್ತಡ ವಿಪರೀತ, ಅಲ್ಲಿ ಸಿಕ್ಕಿಸಿದರೆ ಕ್ಯಾನೇ ಸಿಡಿಯಬಹುದು.

ಎಂಜಿನ್ ಚಾಲೂ ಮಾಡಿ, ಎಸಿ, ಫ್ಯಾನ್ ಎರಡೂ ಜೋರಿಗಿಡಿ. ಕ್ಯಾನ್ ನೆಟ್ಟಗೇ ಹಿಡಿಯಿರಿ. ತಲೆಕೆಳಗಾದರೆ ದ್ರವ ನುಗ್ಗಿ ಕಂಪ್ರೆಸರ್ ಕೆಡುತ್ತದೆ. ಸ್ವಲ್ಪ ಸ್ವಲ್ಪವೇ ಬಿಡಿ: ಹೊರಗೆ 30 ಡಿಗ್ರಿ ಇದ್ದರೆ ಗೇಜ್‌ನಲ್ಲಿ ಸುಮಾರು 40 ಪಿಎಸ್‌ಐ (ಒತ್ತಡದ ಅಳತೆ) ಸಾಕು. ಹೆಚ್ಚಾದರೆ ತಂಪು ಇನ್ನೂ ಕಮ್ಮಿ.

ಗ್ಯಾಸ್ ಪೆಟ್ರೋಲಿನಂತೆ ಖರ್ಚಾಗುವುದಿಲ್ಲ. ಕೆಲವೇ ವಾರಕ್ಕೆ ಮತ್ತೆ ಬಿಸಿಗಾಳಿ ಬಂದರೆ ಪೈಪಿನ ಜೋಡಣೆಗಳಲ್ಲಿ ಎಣ್ಣೆಜಿಡ್ಡು ಹುಡುಕಿ; ಸೋರಿಕೆ ಬಹುತೇಕ ಅಲ್ಲೇ.