ಕೋಯಾ ಬೆಟ್ಟಕ್ಕೆ ಜನ ಕರೆದುಕೊಂಡು ಹೋಗಿದ್ದು

ಜಪಾನಿಗೆ ಮೊದಲ ಸಲ ಗುಂಪು ಕಟ್ಟಿಕೊಂಡು ಹೋದಾಗ ಎಂಟು ದಿನಕ್ಕೆ ಆರು ಊರು ಇಟ್ಟಿದ್ದೆ. ಟೋಕಿಯೊ, ಹಕೋನೆ, ಕ್ಯೋಟೊ, ನಾರಾ, ಹಿರೋಶಿಮಾ, ಒಸಾಕಾ. ಹದಿನಾಲ್ಕು ಜನ. ನಾಲ್ಕನೇ ದಿನಕ್ಕೇ ಎಲ್ಲ ದೇವಸ್ಥಾನಗಳೂ ಅವರಿಗೆ ಒಂದೇ ಥರ ಕಾಣತೊಡಗಿದವು. ಕ್ಯೋಟೊದ ಕಿಂಕಾಕುಜಿ ಮುಂದೆ ನಿಂತು ಒಬ್ಬರು, "ಇದು ನಿನ್ನೆ ನೋಡಿದ್ದೇ ಅಲ್ವಾ ಮೇಡಂ?" ಅಂದರು. ಮೇಲಿನ ಎರಡು ಅಂತಸ್ತಿಗೆ ಚಿನ್ನದ ರೇಕು ಹೊದ್ದ ಮಂಟಪ ಅದು. ಅದೂ ನೆನಪಲ್ಲಿ ನಿಲ್ಲದಿದ್ದರೆ ತಪ್ಪು ಅವರದಲ್ಲ, ನನ್ನದು.

ಊಟದ ಕಥೆ ಇನ್ನೂ ಕೆಟ್ಟದು. ಒಸಾಕಾದಲ್ಲಿ ಮೊಟ್ಟೆಯನ್ನೂ ಮುಟ್ಟದ ಅತ್ತೆ-ಸೊಸೆಗೆ ಕರಿದ ತೋಫು, ಅಂದರೆ ಸೋಯಾ ಹಾಲಿನ ಪನೀರು, ಹೇಳಿದ್ದೆ. ಬಂತು. ಮೇಲೆ ಕಾಗದದ ಚೂರಿನಂಥದ್ದೇನೋ ಬಿಸಿಗೆ ನಿಧಾನವಾಗಿ ಅಲುಗಾಡುತ್ತಿತ್ತು. "ಇದಕ್ಕೆ ಜೀವ ಇದೆ ಕಣೇ" ಅಂತ ಅತ್ತೆ ಕುರ್ಚಿ ಹಿಂದಕ್ಕೆ ಸರಿಸಿದರು. ಜೀವ ಇರಲಿಲ್ಲ. ಅದು ಕಾತ್ಸುವೊಬುಶಿ, ಹೊಗೆ ಹಾಕಿ ಒಣಗಿಸಿ ತೆಳ್ಳಗೆ ಹೆರೆದ ಮೀನು. ಅಲ್ಲಿನ ಸಾರು, ಉದೊನ್ ನೂಡಲ್ಸ್, ಮಿಸೊ ಸೂಪು ಎಲ್ಲದರ ತಳಕ್ಕೂ ಸಾಮಾನ್ಯವಾಗಿ ಅದೇ ಮೀನಿನ ರಸ ಇರುತ್ತದೆ. ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. "ಮಾಂಸ ಬೇಡ" ಅಂದರೆ "ಮೀನು ಬೇಡ" ಅಂತ ಅಲ್ಲಿ ಯಾರೂ ಅರ್ಥ ಮಾಡಿಕೊಳ್ಳುವುದಿಲ್ಲ. ಬಿಡದಿಯ ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷ ಜಪಾನಿ ದುಭಾಷಿಯಾಗಿದ್ದವಳು ನಾನು. ಭಾಷೆ ಗೊತ್ತಿತ್ತು. ಆದರೆ ಕುಂದಾಪುರದವಳು, ಮೀನು ತಿನ್ನುವವಳು. ಕೇಳಬೇಕು ಅಂತ ಹೊಳೆದೇ ಇರಲಿಲ್ಲ.

ವಾಪಸ್ ಬಂದು ಇದನ್ನೆಲ್ಲ ಹಳೆಯ ಜಪಾನಿ ಸಹೋದ್ಯೋಗಿಯ ಹತ್ತಿರ ಹೇಳಿಕೊಂಡೆ. ಅವರು ಒಂದೇ ಮಾತು ಅಂದರು: "ನಿಮ್ಮವರನ್ನ ಕೋಯಾಸಾನ್‌ಗೆ ಕರ್ಕೊಂಡು ಹೋಗಿ."

ಕೋಯಾಸಾನ್ ಇರುವುದು ವಕಾಯಾಮಾ ಪ್ರಾಂತ್ಯದಲ್ಲಿ, ಸುಮಾರು 800 ಮೀಟರ್ ಎತ್ತರದ ಬೆಟ್ಟದ ಮೇಲೆ. 816ರಲ್ಲಿ ಕೂಕಾಯ್ ಎಂಬ ಭಿಕ್ಷು ಚಕ್ರವರ್ತಿಯ ಒಪ್ಪಿಗೆ ಪಡೆದು ಅಲ್ಲಿ ಮಠ ಕಟ್ಟಲು ಹೊರಟರು. ಈಗ ಅಲ್ಲಿ 117 ದೇವಾಲಯಗಳಿವೆ, ಅವುಗಳಲ್ಲಿ ಐವತ್ತರಷ್ಟು ಯಾತ್ರಿಕರಿಗೆ ಉಳಿಯಲು ಜಾಗ ಕೊಡುತ್ತವೆ. ಇದಕ್ಕೆ ಶುಕುಬೊ ಅನ್ನುತ್ತಾರೆ. ಎರಡನೇ ಪ್ರವಾಸದಿಂದ ನಾನು ಎಂಟೇ ಜನರನ್ನು ತೆಗೆದುಕೊಳ್ಳುತ್ತೇನೆ. ಊರುಗಳು ಮೂರೇ. ಹಿರೋಶಿಮಾ ಬಿಟ್ಟಿದ್ದಕ್ಕೆ ಈಗಲೂ ಬೈಸಿಕೊಳ್ಳುತ್ತೇನೆ, ಇರಲಿ.

ಹೊರಡುವ ಮೊದಲು ಬೆಂಗಳೂರಲ್ಲಿ ಒಂದು ದಿನ ಎಲ್ಲರನ್ನೂ ಕೂರಿಸಿ ಮಾತಾಡುತ್ತೇನೆ. ಇತಿಹಾಸ ಹೇಳುವುದಿಲ್ಲ. ಮೊದಲು ಮಂಡಿ ನೋವು ಯಾರಿಗಿದೆ ಅಂತ ಕೇಳುತ್ತೇನೆ. ಚಾಪೆ ಮೇಲೆ ಕೂತು ಊಟ, ನೆಲದ ಮೇಲೆ ಹಾಸಿಗೆ. ಆಗದವರಿಗೆ ಪುಟ್ಟ ಸ್ಟೂಲ್ ಬೇಕು ಅಂತ ಮುಂಚೆಯೇ ಬರೆದರೆ ಮಠದವರು ಇಟ್ಟಿರುತ್ತಾರೆ. ಆಮೇಲೆ ಸ್ನಾನದ ವಿಷಯ. ಹೆಂಗಸರಿಗೆ ಬೇರೆ, ಗಂಡಸರಿಗೆ ಬೇರೆ. ಆದರೆ ಒಳಗೆ ಎಲ್ಲರೂ ಒಟ್ಟಿಗೆ, ಮೈಮೇಲೆ ಬಟ್ಟೆ ಇಲ್ಲದೆ. ಹೊರಗೇ ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡು ಆಮೇಲೆ ಬಿಸಿನೀರಿನ ತೊಟ್ಟಿಗೆ ಇಳಿಯಬೇಕು. ಇದನ್ನು ಅಲ್ಲಿಗೆ ಹೋದ ಮೇಲೆ ಹೇಳಿದರೆ ಗಲಾಟೆ. ಇಲ್ಲೇ ಹೇಳಿದರೆ ಸುಮ್ನೆ ನಗುತ್ತಾರೆ, ಆಗಲ್ಲ ಅನ್ನುವವರು ಮಠದಲ್ಲಿ ಒಂದು ರಾತ್ರಿ ತಾನೇ ಅಂತ ಒಸಾಕಾದ ಹೋಟೆಲಲ್ಲೇ ಸ್ನಾನ ಮುಗಿಸಿ ಬರುತ್ತಾರೆ. ಯುಕಾತಾ ಎಂಬ ಹತ್ತಿಯ ನಿಲುವಂಗಿ ಉಡುವಾಗ ಎಡ ಸೆರಗು ಮೇಲೆ ಬರಬೇಕು ಅನ್ನುವುದನ್ನು ಮಾತ್ರ ಮೂರು ಸಲ ಹೇಳುತ್ತೇನೆ. ಬಲ ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ.

ದೊಡ್ಡ ಸೂಟ್‌ಕೇಸು ಬೆಟ್ಟಕ್ಕೆ ಒಯ್ಯಬೇಡಿ. ತಕ್ಕ್ಯೂಬಿನ್ ಅಂತ ಒಂದು ವ್ಯವಸ್ಥೆ ಇದೆ. ಒಂದು ಹೋಟೆಲಲ್ಲಿ ಕೊಟ್ಟರೆ ಸಾಮಾನ್ಯವಾಗಿ ಮರುದಿನ ಮುಂದಿನ ಹೋಟೆಲಿಗೆ ತಲುಪಿರುತ್ತದೆ. ಒಂದು ರಾತ್ರಿಗೆ ಬೇಕಾದಷ್ಟು ಬ್ಯಾಗ್ ಹಿಡಿದು ಒಸಾಕಾದ ನಾಂಬಾದಲ್ಲಿ ನಾಂಕಾಯ್ ರೈಲು ಹತ್ತುವುದು, ಗೊಕುರಾಕುಬಾಶಿಯಲ್ಲಿ ಇಳಿದು ಕೇಬಲ್ ಕಾರು, ಮೇಲೆ ಬಸ್ಸು. ಬಸ್ಸು ಊರೊಳಗೆ ಹೋಗುವ ದಾರಿಯಲ್ಲಿ ನ್ಯೋನಿಂದೊ ಅಂತ ಒಂದು ಹಳೆಯ ಗುಡಿ ಸಿಗುತ್ತದೆ. 1872ರಲ್ಲಿ ಸರ್ಕಾರ ನಿಷೇಧ ತೆಗೆಯುವವರೆಗೂ ಹೆಂಗಸರು ಅಲ್ಲಿಂದ ಮುಂದೆ ಕಾಲಿಡುವಂತಿರಲಿಲ್ಲ. ಈಗ ನಾನು ಗುಂಪು ಕಟ್ಟಿಕೊಂಡು ಅದರ ಮುಂದೆ ಬಸ್ಸಲ್ಲಿ ಹೋಗುತ್ತೇನೆ. ಪ್ರತಿ ಸಲವೂ ಒಳಗೊಳಗೇ ಖುಷಿಯಾಗುತ್ತದೆ.

ಸಂಜೆ ಐದೂವರೆ, ಆರಕ್ಕೆಲ್ಲ ಊಟ. ಶೋಜಿನ್ ರಿಯೋರಿ ಅಂತ ಹೆಸರು. ಮಾಂಸ, ಮೀನು ಇಲ್ಲ. ಸಾರಿನ ರಸ ಕೂಡ ಕೊಂಬು ಎಂಬ ಕಡಲ ಸೊಪ್ಪು ಮತ್ತು ಒಣ ಅಣಬೆಯದ್ದು. ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಇದನ್ನು ಹೇಳಿದಾಗ ಶಿವಮೊಗ್ಗದ ನಿವೃತ್ತ ಮೇಷ್ಟ್ರೊಬ್ಬರು, "ಹಾಗಾದ್ರೆ ಇದು ಮಠದ ಊಟವೇ ಆಯ್ತಲ್ಲ" ಅಂದರು. ಮಠದ ಊಟವೇ. ಸಾಂಬಾರು ಮಾತ್ರ ಇಲ್ಲ. ಎಳ್ಳು ಅರೆದು ಗಟ್ಟಿ ಮಾಡಿದ ಗೊಮಾದೋಫು ಇರುತ್ತದೆ, ನೋಡಲು ತೋಫು, ಅದರಲ್ಲಿ ಸೋಯಾ ಇಲ್ಲವೇ ಇಲ್ಲ. ಬೆಟ್ಟದ ಹೆಸರೇ ಇರುವ ಕೋಯಾದೋಫು ಇರುತ್ತದೆ, ಹಿಮದಲ್ಲಿ ಗಡ್ಡೆ ಕಟ್ಟಿಸಿ ಒಣಗಿಸಿದ್ದು. ಸ್ಪಂಜಿನ ಥರ ರಸ ಕುಡಿದಿರುತ್ತದೆ. ನಿಜ ಹೇಳಬೇಕೆಂದರೆ ಖಾರ ಬೇಕು ಅನ್ನುವವರು ಬ್ಯಾಗಿಂದ ಚಟ್ನಿಪುಡಿ ತೆಗೆಯುತ್ತಾರೆ. ನಾನು ತಡೆಯುವುದಿಲ್ಲ. ಮಠದವರ ಕಣ್ಣಿಗೆ ಬೀಳದಂತೆ ತಿನ್ನಿ ಅನ್ನುತ್ತೇನೆ.

ಬೆಳಗ್ಗೆ ಆರು, ಆರೂವರೆಗೆ ಪ್ರಾರ್ಥನೆ. ಕೆಲವು ಮಠಗಳಲ್ಲಿ ಅದರ ನಂತರ ಗೊಮಾ ನಡೆಯುತ್ತದೆ. ಎಳ್ಳಿಗೂ ಗೊಮಾ, ಇದಕ್ಕೂ ಗೊಮಾ. ಬರೆಯುವುದು ಬೇರೆ. ಇದು ನಮ್ಮ ಹೋಮ ಎಂಬ ಮಾತೇ. ಚೀನಾ ಸುತ್ತಿ ಬರುವಾಗ ಸ್ವಲ್ಪ ಬದಲಾಗಿದೆ ಅಷ್ಟೆ. ಕೋರಿಕೆ ಬರೆದ ಕಡ್ಡಿಗಳನ್ನು ಒಂದೊಂದಾಗಿ ಬೆಂಕಿಗೆ ಹಾಕುತ್ತಾರೆ. ಮೊದಮೊದಲು ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಪಿಸುಮಾತಲ್ಲಿ ಅನುವಾದ ಮಾಡುತ್ತಿದ್ದೆ. ದುಭಾಷಿಯ ಚಟ. ಆವತ್ತು ಮೇಷ್ಟ್ರು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ಭಿಕ್ಷುಗಳು ಹೃದಯ ಸೂತ್ರ ಎಂಬ ಬೌದ್ಧ ಪಾಠದ ಕೊನೆಗೆ ಬಂದಿದ್ದರು. "ಗ್ಯಾತೇ ಗ್ಯಾತೇ ಹಾರಾಗ್ಯಾತೇ ಹಾರಾಸೋಗ್ಯಾತೇ ಬೋಜಿ ಸೋವಾಕಾ." ಮೇಷ್ಟ್ರು ಬಾಯಲ್ಲೇ ಹೇಳಿಕೊಂಡರು: "ಗತೇ ಗತೇ ಪಾರಗತೇ ಪಾರಸಂಗತೇ ಬೋಧಿ ಸ್ವಾಹಾ." ಅವತ್ತಿಂದ ಪ್ರಾರ್ಥನೆ ಹೊತ್ತಲ್ಲಿ ನಾನು ಬಾಯಿ ಬಿಡುವುದಿಲ್ಲ.

ಒಕುನೊಯಿನ್ ಸ್ಮಶಾನಕ್ಕೆ ಮಾತ್ರ ಸ್ಥಳೀಯ ಗೈಡ್ ಬೇಕೇ ಬೇಕು. ನನಗೆ ಭಾಷೆ ಗೊತ್ತು, ಆಕೆಗೆ ಕಲ್ಲುಗಳು ಗೊತ್ತು. ಸುಗಿ ಎಂಬ ದೈತ್ಯ ಮರಗಳ ನಡುವೆ ಎರಡು ಕಿಲೋಮೀಟರ್ ದಾರಿ, ಎರಡು ಲಕ್ಷಕ್ಕೂ ಜಾಸ್ತಿ ಸಮಾಧಿಗಳು. ಯುದ್ಧ ಮಾಡಿ ಸತ್ತ ದೊರೆಗಳದ್ದಿದೆ, ಕಂಪನಿಗಳದ್ದಿದೆ. ಕೀಟನಾಶಕದವರು ತಾವು ಕೊಂದ ಗೆದ್ದಲಿಗೆ ನೆಟ್ಟ ಕಲ್ಲೂ ಇದೆ. "ನೆಮ್ಮದಿಯಾಗಿ ಮಲಗಿ" ಅಂತ ಅದರ ಮೇಲೆ ಬರೆದಿದೆ. ನಮ್ಮ ಮನೆ ಬಾಗಿಲು ತಿಂದ ಗೆದ್ದಲಿಗೆ ನಾನು ಹೇಳಿದ್ದು ಬೇರೆ.

ಹೆಜ್ಜೆಗೊಂದು ಐದು ಅಂತಸ್ತಿನ ಕಲ್ಲು ಸಿಗುತ್ತದೆ, ಗೊರಿಂತೊ. ಕೆಳಗೆ ಚೌಕ, ಅದರ ಮೇಲೆ ಗುಂಡು, ಮುಕ್ಕೋನ, ಅರ್ಧಚಂದ್ರ, ತುದಿಗೆ ಮೊಗ್ಗಿನಂಥದ್ದು. ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ. ಹಲವು ಕಲ್ಲುಗಳ ಮೇಲೆ ಸಿದ್ಧಂ ಲಿಪಿಯಲ್ಲಿ ಒಂದೊಂದು ಅಕ್ಷರ, ಕೆಳಗಿಂದ ಅ, ವ, ರ, ಹ, ಖ. ಬ್ರಾಹ್ಮಿಯಿಂದ ಬಂದ ಲಿಪಿ ಅದು, ನಮ್ಮ ಕನ್ನಡದ ದೂರದ ದಾಯಾದಿ. ಕೂಕಾಯ್ ಚೀನಾದ ಛಾಂಗ್‌ಆನ್‌ಗೆ ಹೋಗಿದ್ದಾಗ ಭಾರತದಲ್ಲಿ ಓದಿದ್ದ ಪ್ರಜ್ಞ ಎಂಬ ಭಿಕ್ಷುವಿನ ಹತ್ತಿರ ಸಂಸ್ಕೃತ ಕಲಿತಿದ್ದರು. ಇಷ್ಟು ಹೇಳಿದರೆ ಸಾಕು. ಆಮೇಲೆ ಜನ ತಾವೇ ಕಲ್ಲಿಂದ ಕಲ್ಲಿಗೆ ಹೋಗಿ ಅಕ್ಷರ ಹುಡುಕುತ್ತಾರೆ. ಕಿಂಕಾಕುಜಿಯನ್ನು ಮರೆತವರಂಥವರೇ ಇವರೂ.

ಕೂಕಾಯ್ 835ರಲ್ಲಿ ತೀರಿಕೊಂಡರು ಅಂತ ಪುಸ್ತಕ ಹೇಳುತ್ತದೆ. ಬೆಟ್ಟದವರು ಒಪ್ಪುವುದಿಲ್ಲ. ಕೂಕಾಯ್ ಒಕುನೊಯಿನ್‌ನ ತುದಿಯಲ್ಲಿರುವ ತಮ್ಮ ಸಮಾಧಿಯ ಒಳಗೆ ಇನ್ನೂ ಧ್ಯಾನದಲ್ಲಿದ್ದಾರೆ ಅನ್ನುತ್ತಾರೆ. ಅದಕ್ಕೇ ದಿನಕ್ಕೆ ಎರಡು ಸಲ, ಬೆಳಗ್ಗೆ ಆರಕ್ಕೆ ಮತ್ತು ಹತ್ತೂವರೆಗೆ, ಊಟ ಹೋಗುತ್ತದೆ. ನಾನು ಹತ್ತೂವರೆಗೆ ಸರಿಯಾಗಿ ಗುಂಪನ್ನು ಅಲ್ಲಿ ನಿಲ್ಲಿಸುತ್ತೇನೆ. ಬಿಳಿ ಮರದ ಪೆಟ್ಟಿಗೆ ಹೊತ್ತು ಭಿಕ್ಷುಗಳು ಬಂದರು. ರುಚಿ ನೋಡುವ ಜಿಜೊ ಅಂತಲೇ ಕರೆಯುವ ಪುಟ್ಟ ಮೂರ್ತಿಯ ಮುಂದೆ ಪೆಟ್ಟಿಗೆ ಇಳಿಸಿ, ಕೈ ಮುಗಿದು, ಮತ್ತೆ ಎತ್ತಿಕೊಂಡು ಸೇತುವೆ ದಾಟಿದರು. ಅಲ್ಲಿಂದ ಮುಂದೆ ಫೋಟೊ ತೆಗೆಯುವಂತಿಲ್ಲ, ಟೊಪ್ಪಿಗೆ ತೆಗೆಯಬೇಕು. ಮೇಷ್ಟ್ರು ಮಂಕಿ ಕ್ಯಾಪ್ ಕೈಯಲ್ಲಿ ಹಿಡಿದು ನೋಡುತ್ತಾ ನಿಂತಿದ್ದರು.

"ಇವತ್ತು ಅಡುಗೆ ಏನಂತೆ, ಕೇಳಿ ನೋಡಿ" ಅಂದರು.

ಗೈಡ್‌ಗೆ ಅನುವಾದ ಮಾಡಿದೆ. ಆಕೆ ನಕ್ಕು, ಪೆಟ್ಟಿಗೆಯೊಳಗೆ ಏನಿದೆ ಅಂತ ತನಗೂ ಗೊತ್ತಿಲ್ಲ ಅಂದಳು.